ಹುಂಡಿ ಒಡೆದ ಮೇಲೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ಮರುವಾರದ ಭಾನುವಾರ ನಮ್ಮ ನಡುಮನೆಯಲ್ಲಿ ಹಳೆಯ ಚಾಪೆ ಹಾಸಿ ಮಗಳು ಹುಂಡಿ ಒಡೆದಳು. ಒಂದಲ್ಲ, ಮೂರು. ಮೂರನೇ ತರಗತಿಯಲ್ಲಿದ್ದಾಗ ಜಾತ್ರೆಯಲ್ಲಿ ಕೊಂಡ ಮಣ್ಣಿನ ಹುಂಡಿ ತುಂಬಿದ ಮೇಲೆ ಇನ್ನೊಂದು, ಅದೂ ತುಂಬಿದ ಮೇಲೆ ಮತ್ತೊಂದು. ಅಜ್ಜಿ ಹಬ್ಬಕ್ಕೆ ಕೊಟ್ಟದ್ದು, ಹಾಲು ತಂದಾಗ ಉಳಿದದ್ದು, ಸೋದರಮಾವ ಊರಿಗೆ ಬಂದಾಗ ಜೇಬಿನಿಂದ ತೆಗೆದು ಕೈಗಿತ್ತದ್ದು, ಹೀಗೆ ಎಂಟು ವರ್ಷದ ಪುಡಿಗಾಸು ಚಾಪೆಯ ಮೇಲೆ ಚೆಲ್ಲಿತು.

ಡಿಪ್ಲೊಮಾ ಓದಲು ಜಿಲ್ಲಾ ಕೇಂದ್ರದ ಪಾಲಿಟೆಕ್ನಿಕ್‌ಗೆ ಸೇರುವವಳು ಅವಳು. ಡ್ರಾಫ್ಟರ್, ಕ್ಯಾಲ್ಕುಲೇಟರ್, ವರ್ಕ್‌ಶಾಪಿಗೆ ಏಪ್ರನ್, ಹಾಸ್ಟೆಲಿಗೆ ಟ್ರಂಕು, ಹಾಸಿಗೆ. "ಇದಿಷ್ಟೂ ನನ್ನ ದುಡ್ಡಲ್ಲೇ ಅಪ್ಪ, ನೀವು ಫೀಸು ಕಟ್ಟಿದರೆ ಸಾಕು" ಎಂದು ಮೊದಲೇ ಹೇಳಿದ್ದಳು. ಫೀಸಿಗೇ ಸೊಸೈಟಿಯಲ್ಲಿ ಸಾಲ ಎತ್ತಿದ್ದ ನನಗೆ ಆ ಮಾತು ಹಿತವಾಗಿಯೂ ಇತ್ತು, ಸ್ವಲ್ಪ ಚುಚ್ಚಿಯೂ ಇತ್ತು.

ಅಜ್ಜಿ, ಮೊಮ್ಮಗಳು ಇಬ್ಬರೂ ಕೂತು ಮಧ್ಯಾಹ್ನದವರೆಗೆ ಎಣಿಸಿದರು. ಒಂದು ರೂಪಾಯಿಯವು 1,164. ಎರಡು ರೂಪಾಯಿಯವು 612. ಐದರವು 385, ಹತ್ತರವು 141, ಹೊಸ ಇಪ್ಪತ್ತರವು ಆರು, ಎಂಟಾಣೆ ಮೂವತ್ತನಾಲ್ಕು. ಒಟ್ಟು 5,860 ರೂಪಾಯಿ. ತೂಕ ಹನ್ನೊಂದು ಕೆ.ಜಿ.ಗೂ ಮಿಕ್ಕಿತ್ತು. ಇವಲ್ಲದೆ ಹನ್ನೊಂದು ನಾಲ್ಕಾಣೆ ಬೇರೆ ಸಿಕ್ಕವು. ಅವುಗಳ ಕಥೆ ಆಮೇಲೆ.

ಸಂಜೆ ಚೀಲ ಹೊತ್ತು ಬಸ್ ಸ್ಟ್ಯಾಂಡ್ ಎದುರಿನ ದಿನಸಿ ಅಂಗಡಿಗೆ ಹೋದೆವು. ಅಂಗಡಿಯ ಯಜಮಾನರು ಚೀಲ ಎತ್ತಿ ನೋಡಿ ನಕ್ಕರು. "ಮೇಷ್ಟ್ರೇ, ಈಗ ಎಲ್ಲ ಫೋನಿನಲ್ಲೇ ಕಟ್ಟಿ ಹೋಗ್ತಾರೆ. ಚಿಲ್ಲರೆ ತಗೊಂಡು ನಾನೇನು ಮಾಡಲಿ? ನಿಮಗೋಸ್ಕರ ಅಂತ ನೂರಕ್ಕೆ ತೊಂಬತ್ತು ಕೊಡ್ತೀನಿ, ತೂಕದ ಲೆಕ್ಕದಲ್ಲಿ." ಮಗಳು ಮನಸ್ಸಿನಲ್ಲೇ ಲೆಕ್ಕ ಹಾಕಿ ನನ್ನ ಮುಖ ನೋಡಿದಳು. 586 ರೂಪಾಯಿ ಅಲ್ಲಿಯೇ ಬಿಟ್ಟು ಬರಬೇಕು. ಏಪ್ರನ್ನೂ ಕ್ಯಾಲ್ಕುಲೇಟರ್‌ನ ಅರ್ಧವೂ ಹೋದ ಹಾಗೆ.

ಸೋಮವಾರ ಬ್ಯಾಂಕಿಗೆ ಹೋದೆವು. ಯಾವ ಬ್ಯಾಂಕು ಎಂಬುದು ಇಲ್ಲಿ ಬೇಡ. ಹತ್ತೂವರೆ ಗಂಟೆ, ತಿಂಗಳ ಮೊದಲ ವಾರ, ಪಿಂಚಣಿಯವರ ಸಾಲು. ಕೌಂಟರಿನ ಮುಂದೆ ಚೀಲ ಇಟ್ಟ ಸದ್ದಿಗೇ ಕ್ಯಾಷಿಯರ್ ತಲೆ ಎತ್ತಿದರು. "ಇದನ್ನೆಲ್ಲ ಎಣಿಸೋಕೆ ಯಾರಿದ್ದಾರೆ ಸಾರ್? ಇಡೋಕೆ ಜಾಗ ಎಲ್ಲಿದೆ? ಚಿಲ್ಲರೆ ತಗೊಳ್ಳಲ್ಲ ನಾವು." ಹಿಂದೆ ನಿಂತವರೊಬ್ಬರು, "ದೇವಸ್ಥಾನದ ಹುಂಡಿಗೆ ಹಾಕಿಬಿಡಿ, ಪುಣ್ಯ ಬರುತ್ತೆ" ಎಂದರು. ಎಲ್ಲರೂ ನಕ್ಕರು, ಮಗಳೊಬ್ಬಳನ್ನು ಬಿಟ್ಟು.

ದಾರಿಯಲ್ಲಿ ಅವಳು ಕೇಳಿದ ಪ್ರಶ್ನೆ ಇದು: "ಅಪ್ಪ, ಇದು ದುಡ್ಡಲ್ಲವಾ?"

ಮೂರನೇ ತರಗತಿಯಿಂದ ಕೂಡಿಡು, ಕೂಡಿಡು ಎಂದು ಹೇಳಿಕೊಟ್ಟವನೇ ನಾನು. ಉತ್ತರ ಕೊಡದೆ ವಿಧಿಯಿರಲಿಲ್ಲ. ಆ ವಾರ ಅಲ್ಲಿ ಇಲ್ಲಿ ಕೇಳಿ, ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಜೂನ್ ಬಂದರೆ ಎಷ್ಟೋ ಮನೆಗಳಲ್ಲಿ ಹುಂಡಿ ಒಡೆಯುತ್ತದೆ.

ಕಾನೂನು ಏನನ್ನುತ್ತದೆ?

ದುಡ್ಡೇ, ಪೂರ್ತಿ ದುಡ್ಡೇ. 2011ರ ನಾಣ್ಯ ಕಾಯಿದೆಯ ಪ್ರಕಾರ ಒಂದು ರೂಪಾಯಿ ಮತ್ತು ಅದಕ್ಕೂ ಹೆಚ್ಚಿನ ನಾಣ್ಯಗಳನ್ನು ಒಂದು ಸಲಕ್ಕೆ ಸಾವಿರ ರೂಪಾಯಿಯವರೆಗೆ ಪಾವತಿಗೆ ಕೊಡಬಹುದು. ಎಂಟಾಣೆಯನ್ನು ಹತ್ತು ರೂಪಾಯಿಯವರೆಗೆ. ಅದಕ್ಕಿಂತ ಹೆಚ್ಚಾದರೆ ಎದುರಿನವನು ಬೇಡ ಎನ್ನಬಹುದು. ಆದ್ದರಿಂದ, ಕಾಲೇಜಿನ ಐದು ಸಾವಿರದ ಶುಲ್ಕವನ್ನು ಗೋಣಿಚೀಲದಲ್ಲಿ ಒಯ್ದು ಗುಮಾಸ್ತರ ಮೇಜಿನ ಮೇಲೆ ಸುರಿಯುವ ಯೋಚನೆ ಯಾರಿಗಾದರೂ ಇದ್ದರೆ ಬಿಟ್ಟುಬಿಡುವುದು ಒಳ್ಳೆಯದು. ಸಿನಿಮಾದಲ್ಲಿ ಚೆನ್ನಾಗಿರುತ್ತದೆ.

ಈ ಸಾವಿರದ ಮಿತಿಯನ್ನೇ ಹಿಡಿದು ಕೆಲವು ಬ್ಯಾಂಕಿನವರೂ "ಸಾವಿರಕ್ಕಿಂತ ಹೆಚ್ಚು ತಗೊಳ್ಳುವ ಹಾಗಿಲ್ಲ" ಎನ್ನುವುದುಂಟು. ಅದು ತಪ್ಪು. ಆ ಮಿತಿ ಪಾವತಿಗೆ, ಅಂದರೆ ಕೊಡುಕೊಳ್ಳುವ ವ್ಯವಹಾರಕ್ಕೆ. ತನ್ನ ಖಾತೆಗೆ ಗ್ರಾಹಕ ಜಮಾ ಮಾಡುವ ನಾಣ್ಯಗಳಿಗೆ ಮಿತಿ ಇಲ್ಲವೆಂದು ಭಾರತೀಯ ರಿಸರ್ವ್ ಬ್ಯಾಂಕು ಸ್ಪಷ್ಟವಾಗಿ ಹೇಳಿದೆ. ನಾಣ್ಯಗಳನ್ನು ಜಮಾಕ್ಕಾಗಲಿ, ನೋಟಿಗೆ ಬದಲಾಯಿಸಲಾಗಲಿ ತೆಗೆದುಕೊಳ್ಳಬೇಕೆಂದು ಎಲ್ಲ ಶಾಖೆಗಳಿಗೂ ಅದರ ಸೂಚನೆಯಿದೆ. ಒಂದು ಎರಡು ರೂಪಾಯಿಯವನ್ನು ತೂಕ ಮಾಡಿಯಾದರೂ ತೆಗೆದುಕೊಳ್ಳಬಹುದು, ಆದರೆ ನೂರು ನೂರರಂತೆ ಪಾಲಿಥೀನ್ ಪೊಟ್ಟಣ ಕಟ್ಟಿ ತಂದರೆ ಕ್ಯಾಷಿಯರ್‌ಗೂ ಗ್ರಾಹಕರಿಗೂ ಅನುಕೂಲ ಎಂದು ಅದೇ ಸೂಚನೆ ಹೇಳುತ್ತದೆ. ಈ ನೂರರ ಪೊಟ್ಟಣದ ಮಾತೇ ನಮಗೆ ಕೊನೆಗೆ ದಾರಿ ತೋರಿಸಿದ್ದು.

ಇನ್ನು ಯಾವ ನಾಣ್ಯ ನಡೆಯುತ್ತದೆ, ಯಾವುದು ನಡೆಯುವುದಿಲ್ಲ? ನಾಲ್ಕಾಣೆ, ಅಂದರೆ 25 ಪೈಸೆ, ಮತ್ತು ಅದಕ್ಕಿಂತ ಚಿಕ್ಕವು 2011ರ ಜೂನ್ 30ರಿಂದ ಚಲಾವಣೆಯಲ್ಲಿಲ್ಲ. ಅದರ ಹಿಂದಿನ ದಿನದವರೆಗೆ ಬ್ಯಾಂಕುಗಳಲ್ಲಿ ಬದಲಾಯಿಸಿಕೊಳ್ಳಲು ಅವಕಾಶವಿತ್ತು, ಆಮೇಲೆ ಇಲ್ಲ. ನಮ್ಮ ಹನ್ನೊಂದು ನಾಲ್ಕಾಣೆಗಳು ಅಜ್ಜಿಯ ಎಲೆಅಡಿಕೆ ಚೀಲದಿಂದ ಹುಂಡಿಗೆ ಇಳಿದವು. ಎರಡು ಮುಕ್ಕಾಲು ರೂಪಾಯಿ ಹೋಯಿತು ಎಂದು ಅಜ್ಜಿ ಎರಡು ದಿನ ಪೇಚಾಡಿದರು.

ಎಂಟಾಣೆ ಮಾತ್ರ ಇಂದಿಗೂ ಊರ್ಜಿತ. ಅಂಗಡಿಯಲ್ಲಿ ಕೊಟ್ಟು ನೋಡಿ, ನಿಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ಆದರೆ ಕಾನೂನಿನಲ್ಲಿ ಅದು ದುಡ್ಡು. ಹತ್ತು ರೂಪಾಯಿ ನಾಣ್ಯದ ಕಥೆ ಇದಕ್ಕಿಂತ ಕೆಟ್ಟದ್ದು. ರೂಪಾಯಿ ಚಿಹ್ನೆ ಇಲ್ಲದ್ದು ಖೋಟಾ, ಗೆರೆಗಳು ಹತ್ತಿದ್ದರೆ ಅಸಲಿ, ಹದಿನೈದಿದ್ದರೆ ನಕಲಿ ಎಂದೆಲ್ಲ ಗಾಳಿಮಾತು ಹಬ್ಬಿ, ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ಅದನ್ನು ಮುಟ್ಟುವವರೇ ಇಲ್ಲವಾಯಿತು. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಪ್ರಕಟಣೆ ಹೊರಡಿಸಿ, ಅಲ್ಲಿಯವರೆಗೆ ಬಂದ ಹದಿನಾಲ್ಕು ವಿನ್ಯಾಸಗಳೂ ಅಸಲಿಯೇ, ಎಲ್ಲವೂ ನಡೆಯುತ್ತವೆ ಎಂದು ಹೇಳಿತು. ಚಿಹ್ನೆ ಇಲ್ಲದಿರುವುದಕ್ಕೆ ಕಾರಣ ಸರಳ. ರೂಪಾಯಿ ಚಿಹ್ನೆಯನ್ನು ಸರ್ಕಾರ ಒಪ್ಪಿಕೊಂಡದ್ದು 2010ರಲ್ಲಿ, ಅದು ನಾಣ್ಯದ ಮೇಲೆ ಬಂದದ್ದು 2011ರಲ್ಲಿ. ಹತ್ತರ ನಾಣ್ಯ ಅದಕ್ಕೂ ಮೊದಲೇ ಹುಟ್ಟಿತ್ತು. ಹಳೆಯ ವಿನ್ಯಾಸದ ಮೇಲೆ ಹೊಸ ಚಿಹ್ನೆ ಎಲ್ಲಿಂದ ಬರಬೇಕು? ಎಲ್ಲ ವಿನ್ಯಾಸದ ನಾಣ್ಯಗಳೂ ನಡೆಯುತ್ತವೆ ಎಂದು 2019ರ ಜೂನ್‌ನಲ್ಲಿ ಮತ್ತೊಮ್ಮೆ ಹೇಳಿದರು. ಆದರೂ ಗಾಳಿಮಾತಿಗಿರುವ ಕಾಲು ಪ್ರಕಟಣೆಗೆ ಇಲ್ಲ.

ತೂಕದ ಮೋಸ

ದಿನಸಿ ಅಂಗಡಿಯವರು "ತೂಕದ ಲೆಕ್ಕದಲ್ಲಿ" ಎಂದಿದ್ದರಲ್ಲ, ಅದರ ಬಗ್ಗೆ ನಾಲ್ಕು ಮಾತು ಹೇಳಬೇಕು. ಇದನ್ನು ಪತ್ತೆ ಮಾಡಿದವಳು ಮಗಳೇ. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ ಹತ್ತು ಹತ್ತು ನಾಣ್ಯ ಇಟ್ಟು ತೂಗುತ್ತ ಕೂತವಳು, "ಅಪ್ಪ, ಒಂದು ರೂಪಾಯಿಗೆ ಮೂರು ತೂಕ ಇದೆ" ಎಂದಳು. ನಿಜವೇ. 1992ರಿಂದ ಬಂದ ಸ್ಟೀಲಿನ ಒಂದು ರೂಪಾಯಿ 4.85 ಗ್ರಾಂ. 2011ರ ಮಾಲಿಕೆಯದು 3.79 ಗ್ರಾಂ. 2019ರ ಮಾಲಿಕೆಯದು 3.09 ಗ್ರಾಂ. ಹಳೆಯವನ್ನು ಒಂದು ಕೆ.ಜಿ. ತೂಗಿದರೆ 206 ನಾಣ್ಯ ಬರುತ್ತವೆ. ಹೊಚ್ಚಹೊಸವನ್ನು ತೂಗಿದರೆ 323. ಕಲಸಿ ಹಾಕಿ ತೂಗಿ, ಹಳೆಯದರ ಲೆಕ್ಕದಲ್ಲಿ ಬೆಲೆ ಕಟ್ಟಿದರೆ ನಿಮಗೆ ಎಷ್ಟು ನಷ್ಟ ಎಂಬುದನ್ನು ಮಕ್ಕಳೇ ಲೆಕ್ಕ ಹಾಕಲಿ. ಗಣಿತದ ಮೇಷ್ಟ್ರಿಗೆ ಒಳ್ಳೆಯ ಪ್ರಶ್ನೆ.

ಇನ್ನೊಂದು ತಮಾಷೆ. 2011ರ ಎರಡು ರೂಪಾಯಿ ನಾಣ್ಯವೂ 4.85 ಗ್ರಾಂ, ಅಡ್ಡಳತೆ 25 ಮಿಲಿಮೀಟರ್. ಹಳೆಯ ಒಂದು ರೂಪಾಯಿಯೂ ಕರಾರುವಾಕ್ಕಾಗಿ ಅಷ್ಟೇ. ಕಣ್ಣು ಮಂಜಾದ ಅಜ್ಜಿ ಬೆರಳಿನಿಂದ ತಡವಿ ಎಣಿಸುವಾಗ ಎರಡನ್ನೂ ಒಂದೇ ಗುಡ್ಡೆಗೆ ಹಾಕಿದ್ದರಲ್ಲಿ ಅವರ ತಪ್ಪಿಲ್ಲ. ಬಸ್ಸಿನ ನಸುಗತ್ತಲಲ್ಲಿ ಕಂಡಕ್ಟರು ತಪ್ಪುವುದೂ ಇದರಿಂದಲೇ. ನಾವು ಮೊದಲ ದಿನ ಎಣಿಸಿದ್ದನ್ನು ಮತ್ತೊಮ್ಮೆ ಬೆಳಕಿನಲ್ಲಿ ಕೂತು ಎಣಿಸಬೇಕಾಯಿತು. ಮೇಲೆ ಬರೆದ ಸಂಖ್ಯೆಗಳು ಎರಡನೆಯ ಎಣಿಕೆಯವು.

ಕ್ಯಾಷಿಯರ್ ಕಷ್ಟ

ಬೈಯುವ ಮೊದಲು ಅವರ ಕಡೆಯಿಂದಲೂ ನೋಡಬೇಕು. ನಿವೃತ್ತರಾದ ಬ್ಯಾಂಕ್ ನೌಕರರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರು ಹೇಳಿದ್ದು ಹೀಗೆ. ನೋಟು ಎಣಿಸುವ ಯಂತ್ರ ಪ್ರತಿ ಶಾಖೆಯಲ್ಲಿದೆ, ನಾಣ್ಯ ಎಣಿಸುವ ಯಂತ್ರ ಸಣ್ಣ ಶಾಖೆಗಳಲ್ಲಿ ಇರುವುದಿಲ್ಲ. ಸಂಜೆ ಲೆಕ್ಕದಲ್ಲಿ ಒಂದು ರೂಪಾಯಿ ಕಡಿಮೆ ಬಂದರೂ ಕ್ಯಾಷಿಯರ್ ತನ್ನ ಕೈಯಿಂದ ತುಂಬಬೇಕು. ತಿಜೋರಿಯಲ್ಲಿ ಎರಡು ಲಕ್ಷದ ನೋಟು ಹಿಡಿಯುವ ಜಾಗದಲ್ಲಿ ಎರಡು ಸಾವಿರದ ಚಿಲ್ಲರೆ ಕೂರುತ್ತದೆ. ಅದನ್ನು ದೊಡ್ಡ ಶಾಖೆಗೆ ಸಾಗಿಸುವುದು ಇನ್ನೊಂದು ತಲೆನೋವು. "ಆದರೂ ತೆಗೆದುಕೊಳ್ಳಲೇಬೇಕು ಮೇಷ್ಟ್ರೇ, ಬೇಡ ಅನ್ನುವ ಅಧಿಕಾರ ಇಲ್ಲ. ನೀವು ಎಣಿಸಿ ಕೊಟ್ಟರೆ ಅರ್ಧ ಜಗಳ ಕಡಿಮೆ."

ಅವರು ಹೇಳಿದ ಇನ್ನೊಂದು ಸಂಗತಿ ನನಗೆ ಹೊಸದು. ಜನರಿಗೆ ನಾಣ್ಯ ಹಂಚಿದ್ದಕ್ಕೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಚೀಲಕ್ಕಿಷ್ಟು ಎಂದು ಪ್ರೋತ್ಸಾಹಧನ ಕೊಡುತ್ತದೆ. ಚೀಲಕ್ಕೆ 25 ರೂಪಾಯಿ ಇದ್ದದ್ದನ್ನು 2021ರ ಸೆಪ್ಟೆಂಬರಿನಿಂದ 65 ರೂಪಾಯಿಗೆ ಏರಿಸಿದರು, ಹಳ್ಳಿ ಮತ್ತು ಸಣ್ಣ ಪಟ್ಟಣಗಳಲ್ಲಿ ಹಂಚಿದರೆ ಅದರ ಮೇಲೆ ಇನ್ನೂ ಹತ್ತು. ಅಂದರೆ ಒಂದು ಕೌಂಟರಿನಲ್ಲಿ ಚಿಲ್ಲರೆ ಬೇಡವೆನ್ನುವ ವ್ಯವಸ್ಥೆಯೇ ಇನ್ನೊಂದು ಕೌಂಟರಿನಲ್ಲಿ ಚಿಲ್ಲರೆ ಹಂಚಿ ಎಂದು ಹಣ ಕೊಡುತ್ತಿದೆ. 2023ರಲ್ಲಿ ಹನ್ನೆರಡು ನಗರಗಳಲ್ಲಿ ಪ್ರಯೋಗಕ್ಕೆಂದು ಫೋನಿನಿಂದ ಹಣ ಕಟ್ಟಿದರೆ ನಾಣ್ಯ ಉದುರಿಸುವ ಯಂತ್ರಗಳನ್ನು ಇಡುವುದಾಗಿಯೂ ರಿಸರ್ವ್ ಬ್ಯಾಂಕು ಪ್ರಕಟಿಸಿತು. ಕೊಡುವ ಯಂತ್ರ ಬಂತು, ಕೊಳ್ಳುವ ಯಂತ್ರ ಬರಲಿಲ್ಲ. ಎಟಿಎಂ ಪಕ್ಕದಲ್ಲಿರುವ ಹಣ ಜಮಾ ಮಾಡುವ ಯಂತ್ರ ನೋಟನ್ನು ಮಾತ್ರ ನುಂಗುತ್ತದೆ. ಅದರ ಬಾಯಿಗೆ ನಾಣ್ಯ ತುರುಕಲು ಹೋಗಬೇಡಿ.

ಒಂದು ಕಾಲದಲ್ಲಿ ಹೀಗಿರಲಿಲ್ಲ ಎಂಬುದನ್ನು ಇಂದಿನ ಮಕ್ಕಳು ನಂಬುವುದಿಲ್ಲ. ಚಿಲ್ಲರೆ ಇಲ್ಲವೆಂದು ಅಂಗಡಿಯವರು ಪೆಪ್ಪರಮಿಂಟು ಕೈಗಿಡುತ್ತಿದ್ದರು. ಕಂಡಕ್ಟರು ಟಿಕೆಟ್ಟಿನ ಹಿಂದೆ ಬಾಕಿ ಬರೆದುಕೊಟ್ಟು, ನಾವು ಇಳಿಯುವ ಗಡಿಬಿಡಿಯಲ್ಲಿ ಮರೆತು, ಆ ಟಿಕೆಟ್ಟು ಅಂಗಿಯ ಜೇಬಿನಲ್ಲಿ ಒಗೆತಕ್ಕೆ ಹೋಗುತ್ತಿತ್ತು. 2007ರಲ್ಲಿ ಬಂಗಾಳದ ಕಡೆ ನಾಣ್ಯದ ಬರ ಬಂದಾಗ, ನಮ್ಮ ನಾಣ್ಯಗಳನ್ನು ಬಾಂಗ್ಲಾದೇಶಕ್ಕೆ ಕದ್ದು ಸಾಗಿಸಿ ಕರಗಿಸಿ ಕ್ಷೌರದ ಬ್ಲೇಡು ಮಾಡುತ್ತಾರೆಂದು ಸುದ್ದಿಯಾಗಿತ್ತು. ಆಗ ಚಿಲ್ಲರೆ ಪಡೆಯಲು ಕಮಿಷನ್, ಈಗ ಚಿಲ್ಲರೆ ಕಳೆಯಲು ಕಮಿಷನ್. ಎರಡೂ ಸಲ ಕೊಡುವವನು ಜೇಬಿನಲ್ಲಿ ಪುಡಿಗಾಸು ಇರುವವನೇ. (ಗುಜರಿಯವನಿಗೆ ಹಾಕಿದರೆ ಎಂದು ಯೋಚಿಸುವವರಿಗೆ ಒಂದು ಮಾತು. ನಾಣ್ಯ ಕರಗಿಸುವುದು ಅಪರಾಧ, ಏಳು ವರ್ಷದವರೆಗೆ ಜೈಲು.)

ನಾವು ಮಾಡಿದ್ದು

ಎರಡನೆಯ ಸಲ ತಯಾರಾಗಿ ಹೋದೆವು. ಒಂದೊಂದು ಬೆಲೆಯ ನಾಣ್ಯವನ್ನು ಬೇರೆ ಬೇರೆಯಾಗಿ ನೂರರಂತೆ ಎಣಿಸಿ, ಪಾರದರ್ಶಕವಾದ ಪಾಲಿಥೀನ್ ಪೊಟ್ಟಣಕ್ಕೆ ಹಾಕಿ, ಒಳಗೆ ಚೀಟಿ: "ರೂ. 2 x 100 = 200". ಪೊಟ್ಟಣದ ಬಾಯಿಗೆ ರಬ್ಬರ್ ಬ್ಯಾಂಡ್ ಮಾತ್ರ, ಕ್ಯಾಷಿಯರ್ ಬಿಚ್ಚಿ ಪರೀಕ್ಷಿಸಲು ಸುಲಭವಾಗಲಿ ಎಂದು. ಒಂದರ ಪೊಟ್ಟಣ ಹನ್ನೊಂದು, ಎರಡರವು ಆರು, ಐದರವು ಮೂರು, ಹತ್ತರದು ಒಂದು. ಒಟ್ಟು ಇಪ್ಪತ್ತೊಂದು ಪೊಟ್ಟಣ, 4,800 ರೂಪಾಯಿ. ಮೂವತ್ತನಾಲ್ಕು ಎಂಟಾಣೆ ಬೇರೆ ಪೊಟ್ಟಣದಲ್ಲಿ. ಉಳಿದ ಬಿಡಿ ನಾಣ್ಯ 1,043 ರೂಪಾಯಿಯಷ್ಟು ಮನೆಯಲ್ಲೇ ಬಿಟ್ಟೆವು.

ಎರಡನೆಯ ಎಚ್ಚರ, ದಿನ ಮತ್ತು ಹೊತ್ತು. ತಿಂಗಳ ಮಧ್ಯದ ಬುಧವಾರ, ಮಧ್ಯಾಹ್ನದ ಊಟದ ಬಿಡುವು ಮುಗಿದ ಮೇಲೆ. ಸೋಮವಾರ, ರಜೆಯ ಮರುದಿನ, ಸಂಬಳ ಪಿಂಚಣಿಯ ವಾರ, ಇವು ಬೇಡ. ಕ್ಯಾಷಿಯರ್ ಕೈ ಖಾಲಿಯಿದ್ದಾಗ ಅವರ ಮಾತೂ ಮೃದುವಾಗಿರುತ್ತದೆ.

ಮೂರನೆಯದು ಖಾತೆ. ಸ್ವಂತ ಖಾತೆಯಿರುವ ಶಾಖೆಗೇ ಹೋಗಬೇಕು, ನೋಟಿಗೆ ಬದಲಾಯಿಸಿ ಎನ್ನುವುದಕ್ಕಿಂತ ಜಮಾ ಮಾಡಿ ಎನ್ನುವುದು ಸುಲಭ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾವೇ ನಡೆಸಬಹುದೆಂದು ರಿಸರ್ವ್ ಬ್ಯಾಂಕು 2014ರಲ್ಲಿ ಅನುಮತಿ ಕೊಟ್ಟಿತು. 2025ರ ಏಪ್ರಿಲ್‌ನಲ್ಲಿ ಆ ಸೂಚನೆಗಳನ್ನು ಪರಿಷ್ಕರಿಸಿದೆ. ಎಷ್ಟು ಮೊತ್ತದವರೆಗೆ ಎಂಬುದನ್ನು ಆಯಾ ಬ್ಯಾಂಕು ತೀರ್ಮಾನಿಸುತ್ತದೆ. ಅಂಚೆ ಕಚೇರಿಯಲ್ಲೂ ಹತ್ತು ವರ್ಷದ ಮೇಲಿನವರು ತಾವೇ ಖಾತೆ ತೆರೆಯಬಹುದು. ನಮ್ಮವಳಿಗೆ ವಿದ್ಯಾರ್ಥಿವೇತನಕ್ಕೆಂದು ತೆರೆದ ಖಾತೆಯಿತ್ತು.

ಶುಲ್ಕದ ವಿಷಯಕ್ಕೆ ಇಲ್ಲಿ ಸ್ವಲ್ಪ ನಿಲ್ಲಬೇಕು. ಕೆಲವು ಬ್ಯಾಂಕುಗಳ ದರಪಟ್ಟಿಯಲ್ಲಿ ನಗದು ನಿರ್ವಹಣೆಯ ಶುಲ್ಕ ಎಂಬ ಸಾಲಿರುತ್ತದೆ. ತಿಂಗಳಿಗೆ ಇಷ್ಟು ಸಲ ಜಮಾ ಉಚಿತ, ಆಮೇಲೆ ಪ್ರತಿ ಸಲಕ್ಕೆ ಇಷ್ಟು ಎಂದು. ಹಾಗಾಗಿ ಐದು ಕಂತಿನಲ್ಲಿ ಐದು ಸಲ ಹೋಗಿ ಜಮಾ ಮಾಡುವುದು ಕೆಲವೆಡೆ ದುಬಾರಿಯಾದೀತು, ಮೊದಲೇ ಕೇಳಿಕೊಳ್ಳಿ. ಮೂಲ ಉಳಿತಾಯ ಖಾತೆ ಎಂದು ಕರೆಯುವ, ಕನಿಷ್ಠ ಶಿಲ್ಕು ಬೇಡದ ಖಾತೆಯಿದೆಯಲ್ಲ, ಅದರಲ್ಲಿ ಶಾಖೆಗೆ ಹೋಗಿ ನಗದು ಕಟ್ಟುವುದು ಉಚಿತ, ಎಷ್ಟು ಸಲ ಕಟ್ಟಿದರೂ. ವಿದ್ಯಾರ್ಥಿಗಳಿಗೆ ಇದು ಒಳ್ಳೆಯದು. ಕೌಂಟರಿನಲ್ಲಿ ಯಾರಾದರೂ ಬಾಯಿಮಾತಿನಲ್ಲಿ ಕಮಿಷನ್ ಕೇಳಿದರೆ ಕೊಡಬೇಡಿ. ಸಕಾರಣವಿಲ್ಲದೆ ನಾಣ್ಯ ನಿರಾಕರಿಸುವುದು, ಅದಕ್ಕೆ ಕಮಿಷನ್ ಕೇಳುವುದು, ಎರಡನ್ನೂ 2006ರ ಬ್ಯಾಂಕಿಂಗ್ ಲೋಕಪಾಲ ಯೋಜನೆಯಲ್ಲೇ ದೂರಿಗೆ ಕಾರಣಗಳೆಂದು ಹೆಸರಿಸಿ ಬರೆದಿದ್ದರು. 2021ರಲ್ಲಿ ಲೋಕಪಾಲ ಯೋಜನೆಗಳನ್ನೆಲ್ಲ ಒಂದುಗೂಡಿಸಿದ ಮೇಲೆ ಸೇವೆಯಲ್ಲಿ ಕೊರತೆ ಎಂದೇ ದೂರು ಕೊಡಬಹುದು. ಮೊದಲು ಬ್ಯಾಂಕಿಗೆ ಲಿಖಿತ ದೂರು, ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಯೆನಿಸದಿದ್ದರೆ ಲೋಕಪಾಲರಿಗೆ. ಖರ್ಚಿಲ್ಲ.

ಅಷ್ಟು ದೂರ ಹೋಗುವ ಮೊದಲು ಒಂದು ಸಣ್ಣ ಉಪಾಯವಿದೆ. ನಿವೃತ್ತರು ಹೇಳಿಕೊಟ್ಟದ್ದು. ದನಿ ಏರಿಸದೆ, "ಈ ಶಾಖೆಯಲ್ಲಿ ನಾಣ್ಯ ಸ್ವೀಕರಿಸುವುದಿಲ್ಲ ಅಂತ ಒಂದು ಸಾಲು ಬರೆದು ಮೊಹರು ಹಾಕಿ ಕೊಡಿ ಸಾರ್, ಸಾಕು" ಎನ್ನುವುದು. ಯಾರೂ ಬರೆದುಕೊಡುವುದಿಲ್ಲ.

ನಮಗೆ ಅದರ ಅಗತ್ಯ ಬೀಳಲಿಲ್ಲ. ಆ ದಿನ ಕೌಂಟರಿನಲ್ಲಿ ಇದ್ದವರು ಬೇರೆ, ಹೊಸದಾಗಿ ಬಂದ ಹುಡುಗಿ. ಮಗಳು ತಾನೇ ಚಲನ್ ತುಂಬಿ, ಪೊಟ್ಟಣಗಳನ್ನು ಸಾಲಾಗಿ ಜೋಡಿಸಿ, "ಮೇಡಂ, ಎರಡು ಸಲ ಎಣಿಸಿದ್ದೀವಿ. ಯಾವುದು ಬೇಕಾದರೂ ಬಿಚ್ಚಿ ನೋಡಿ" ಎಂದಳು. ಆಕೆ ನಾಲ್ಕು ಪೊಟ್ಟಣ ಬಿಚ್ಚಿ ಎಣಿಸಿದರು. ಎರಡರ ಒಂದು ಪೊಟ್ಟಣದಲ್ಲಿ ಹಳೆಯ ಒಂದು ರೂಪಾಯಿ ಒಂದು ಸಿಕ್ಕಿತು! ನನ್ನ ಎದೆ ಧಸಕ್ಕೆಂದಿತು. ಆಕೆ ನಕ್ಕು, ಅದನ್ನು ಈಚೆ ಇಟ್ಟು, "ಒಂದು ರೂಪಾಯಿ ಸೇರಿಸಿ" ಎಂದರಷ್ಟೆ. ಎಂಟಾಣೆಗಳನ್ನು ನೋಡಿ, ಒಳಗೆ ಹೋಗಿ ಮ್ಯಾನೇಜರನ್ನು ಕೇಳಿ ಬಂದು ಅವನ್ನೂ ತೆಗೆದುಕೊಂಡರು. ಮುಕ್ಕಾಲು ಗಂಟೆಯಲ್ಲಿ 4,817 ರೂಪಾಯಿ ಖಾತೆಗೆ ಬಿತ್ತು. ಶುಲ್ಕ ಸೊನ್ನೆ.

ಉಳಿದ 1,043ಕ್ಕೆ ಬ್ಯಾಂಕೇ ಬೇಕಿರಲಿಲ್ಲ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆಯುವ ಇಡ್ಲಿ ಹೋಟೆಲಿಗೆ ಹೋಗಿ ಕೇಳಿದೆ. ಅಷ್ಟು ಹೊತ್ತಿಗೆ ಗಲ್ಲಾದಲ್ಲಿ ಚಿಲ್ಲರೆ ಇರುವುದಿಲ್ಲ, ಬಸ್ಸಿಗೆ ಹೋಗುವವರು ನೂರರ ನೋಟು ಚಾಚುತ್ತಾರೆ. ಸಾವಿರದ ಚಿಲ್ಲರೆಗೆ ಸಾವಿರದ ನೋಟು ಎಣಿಸಿ ಕೊಟ್ಟರು, ಮೇಲೊಂದು ಕಾಫಿ. ಮಿಕ್ಕ ನಲವತ್ತಮೂರು ಮಗಳ ಬಸ್ಸಿಗಾಯಿತು. ಹಾಲಿನ ಬೂತು, ಕಾಲೇಜಿನ ಎದುರಿನ ಜೆರಾಕ್ಸ್ ಅಂಗಡಿ, ತರಕಾರಿ ಸಂತೆ, ಇಲ್ಲೆಲ್ಲ ಬೆಳಗಿನ ಹೊತ್ತು ಕೇಳಿ ನೋಡಬಹುದು. ಸಂಜೆ ಹೋದರೆ ನೂರಕ್ಕೆ ತೊಂಬತ್ತು ಎನ್ನುವವರೇ ಬೆಳಿಗ್ಗೆ ಹೋದರೆ ಕೈ ಮುಗಿಯುತ್ತಾರೆ. ನಾವು ಮೊದಲು ಹೋದದ್ದು ಸಂಜೆ ನೋಡಿ.

ಹೊರದೇಶದಲ್ಲಿ ಓದುವವರಿಗೂ ಎರಡು ಮಾತು. ಅಮೆರಿಕದ ದೊಡ್ಡ ಅಂಗಡಿಗಳಲ್ಲಿ ಕಾಯಿನ್‌ಸ್ಟಾರ್ ಎಂಬ ಯಂತ್ರ ನಿಂತಿರುತ್ತದೆ. ಚಿಲ್ಲರೆ ಸುರಿದರೆ ಅದೇ ಎಣಿಸಿ ಚೀಟಿ ಕೊಡುತ್ತದೆ, ಚೀಟಿಗೆ ನೋಟು. ಇದನ್ನು ಶುರುಮಾಡಿದವನೂ ಜೆನ್ಸ್ ಮೋಲ್ಬಾಕ್ ಎಂಬ ವಿದ್ಯಾರ್ಥಿಯೇ. ಸ್ಟ್ಯಾನ್‌ಫರ್ಡ್‌ನಲ್ಲಿ ಓದುತ್ತಿದ್ದಾಗ ಡಬ್ಬಿಯಲ್ಲಿ ಕೂಡಿದ್ದ ಚಿಲ್ಲರೆ ಕಳೆಯುವುದು ಹೇಗೆಂದು ಯೋಚಿಸಿ 1991ರಲ್ಲಿ ಕಂಪನಿ ಕಟ್ಟಿದ. ಆದರೆ ಆ ಯಂತ್ರವೂ ನಮ್ಮ ದಿನಸಿ ಅಂಗಡಿಯವರಂತೆಯೇ. ನಗದು ಬೇಕೆಂದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುರಿದುಕೊಳ್ಳುತ್ತದೆ. ನಗದಿನ ಬದಲು ಯಾವುದಾದರೂ ಅಂಗಡಿಯ ಗಿಫ್ಟ್ ಕಾರ್ಡ್ ಆರಿಸಿಕೊಂಡರೆ ಮುರಿಯುವುದಿಲ್ಲ. ಅಲ್ಲಿನ ವಿದ್ಯಾರ್ಥಿಗಳು ಹೇಗೂ ಕೊಳ್ಳಲೇಬೇಕಾದ ದಿನಸಿಗೆ, ಪುಸ್ತಕಕ್ಕೆ ಆ ಕಾರ್ಡು ಆರಿಸುವುದು ಜಾಣತನ. ಅದೂ ಬೇಡವೆಂದರೆ ಖಾತೆಯಿರುವ ಬ್ಯಾಂಕಿನಲ್ಲಿ ಕಾಗದದ ಸುರುಳಿ ಕೇಳಿ ಪಡೆದು, ಒಂದು ಸೆಂಟಿನವು ಐವತ್ತು, ಕಾಲು ಡಾಲರಿನವು ನಲವತ್ತು, ಹೀಗೆ ಸುತ್ತಿ ಕೊಡುವುದು. ಅಲ್ಲೂ ನೋಡಿ, ಎಣಿಸಿ ಕಟ್ಟುವ ಕೆಲಸ ನಾವು ಮಾಡಿದರೆ ಕಮಿಷನ್ ಇಲ್ಲ.

ಇನ್ನೊಂದು ಬಲೆಯ ಬಗ್ಗೆ ಹೇಳದಿದ್ದರೆ ಈ ಲೇಖನ ಅರ್ಧವಾದೀತು. ಹುಂಡಿ ಒಡೆದಾಗ ಹಳೆಯ, ವಿಶೇಷ ಮುದ್ರೆಯ ನಾಣ್ಯ ಒಂದೆರಡು ಸಿಕ್ಕೇ ಸಿಗುತ್ತವೆ. ನಮ್ಮವಳ ಗುಡ್ಡೆಯಲ್ಲಿ 2012ರ ವೈಷ್ಣೋದೇವಿಯ ಐದು ರೂಪಾಯಿ ಸಿಕ್ಕಿತು. ಅವಳ ಗೆಳತಿ ಫೋನಿನಲ್ಲಿ ಹುಡುಕಿ, "ಇದಕ್ಕೆ ಲಕ್ಷಗಟ್ಟಲೆ ಕೊಡ್ತಾರಂತೆ ಕಣೇ" ಎಂದಳು. ಸಂಪರ್ಕಿಸಿದರೆ ಆ ಕಡೆಯವರು ರಿಸರ್ವ್ ಬ್ಯಾಂಕಿನ ಲಾಂಛನವಿರುವ ಪತ್ರ ಕಳಿಸಿ, ಮೊದಲು ನೋಂದಣಿ ಶುಲ್ಕ ಕಟ್ಟಿ, ಆಮೇಲೆ ತೆರಿಗೆ ಕಟ್ಟಿ ಎನ್ನುತ್ತಾರೆ. ಕಟ್ಟಿದ್ದು ಹೋಯಿತು. ಹಳೆಯ ನೋಟು ನಾಣ್ಯಗಳ ವ್ಯವಹಾರ ತಾನು ಮಾಡುವುದಿಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕಮಿಷನ್ನನ್ನೂ ಕೇಳುವುದಿಲ್ಲ, ಯಾರಿಗೂ ಆ ಅಧಿಕಾರ ಕೊಟ್ಟಿಲ್ಲ ಎಂದು 2021ರ ಆಗಸ್ಟ್‌ನಲ್ಲಿ ರಿಸರ್ವ್ ಬ್ಯಾಂಕು ಎಚ್ಚರಿಕೆ ಕೊಟ್ಟಿದೆ. ಮಾರಲು ಹೊರಟವರಿಂದಲೇ ಮುಂಗಡ ಕೇಳುವವನು ಯಾವ ಊರಿನ ಗಿರಾಕಿ? ಹೆಚ್ಚಿನ ಹೆತ್ತವರಿಗೆ ಇದು ತಿಳಿದೀತು, ಮಕ್ಕಳಿಗೆ ಹೇಳಿಡಿ. ಆಸೆ ಅವರಿಗೆ ಹೆಚ್ಚು.

ಆ ಐದು ರೂಪಾಯಿಯನ್ನು ಮಗಳು ಬ್ಯಾಂಕಿಗೆ ಕೊಡಲಿಲ್ಲ. ತನ್ನ ಕೈಖರ್ಚಿನ ಐದು ರೂಪಾಯಿ ಹಾಕಿ ಲೆಕ್ಕ ಸರಿಮಾಡಿ, ಅದನ್ನು ಹೊಸ ಪೆನ್ಸಿಲ್ ಡಬ್ಬಿಯಲ್ಲಿ ಇಟ್ಟುಕೊಂಡಳು. ಡ್ರಾಫ್ಟರ್ ಕೊಂಡದ್ದಾಯಿತು, ಕ್ಯಾಲ್ಕುಲೇಟರ್, ಏಪ್ರನ್, ಟ್ರಂಕು ಎಲ್ಲ ಆಯಿತು. ಹಾಸಿಗೆಗೆ ಇನ್ನೂರು ಕಡಿಮೆ ಬಿತ್ತು, ಅಜ್ಜಿ ಕೊಟ್ಟರು. ನಡೆಯದ ಹನ್ನೊಂದು ನಾಲ್ಕಾಣೆಗಳನ್ನು ಅವಳು ಅಜ್ಜಿಗೆ ಹಿಂದಿರುಗಿಸಿದಳು. ಅಜ್ಜಿ ಅವನ್ನು ಒರೆಸಿ ಮತ್ತೆ ಎಲೆಅಡಿಕೆ ಚೀಲಕ್ಕೇ ಹಾಕಿಕೊಂಡಿದ್ದಾರೆ. ಸರ್ಕಾರ ಯಾವತ್ತಾದರೂ ಮನಸ್ಸು ಬದಲಾಯಿಸಬಹುದಂತೆ.

ಮೊನ್ನೆ ಪಾಸ್‌ಬುಕ್ಕಿಗೆ ನಮೂದು ಹಾಕಿಸಲು ಹೋಗಿದ್ದೆ. ಕೌಂಟರಿನ ಆ ಹುಡುಗಿ ಗುರುತು ಹಿಡಿದು ಕೇಳಿದರು: "ಸಾರ್, ಮನೇಲಿ ಇನ್ನೂ ಒಂದು ರೂಪಾಯಿ ಚಿಲ್ಲರೆ ಇದ್ದರೆ ತನ್ನಿ. ಜಾತ್ರೆ ಬಂತಲ್ಲ, ಅಂಗಡಿಯವರು ಕೇಳ್ತಿದ್ದಾರೆ."